ಒಂದು ಅಕ್ಷರಕ್ಕೆ ನಾಲ್ಕು ಗಂಟೆ

ಮಾರ್ಕರ್ ಮುಚ್ಚಳ ಎಲ್ಲೋ ಉರುಳಿ ಹೋಯಿತು, ಇರಲಿ. ಈಗ ನಾನು ಬರೆಯುತ್ತಿರುವುದು ೞ, ಹಳಗನ್ನಡದಲ್ಲಿದ್ದು ಈಗ ಬಳಕೆ ತಪ್ಪಿದ ಅಕ್ಷರ. ಮೂರನೇ ಸಲಕ್ಕೆ ಸ್ವಲ್ಪ ಅಂದವಾಗಿ ಬಂತು, ಅಲ್ವಾ?

ನಾಲಿಗೆಯ ತುದಿ ಹಿಂದಕ್ಕೆ ಮಡಿಸಿ, ಎಲ್ಲಿಗೂ ತಾಗಿಸದೆ ಹೇಳಬೇಕು. 'ತಮಿಳು' ಅನ್ನುವ ಹೆಸರಿನಲ್ಲಿ ತಮಿಳರು ಕೊನೆಗೆ ಹೇಳುವುದು ಇದೇ ಉಲಿ. ನಾನು ಹನ್ನೆರಡು ಟೇಕ್ ತೆಗೆದುಕೊಂಡೆ. ಹನ್ನೆರಡರಲ್ಲೂ ಬರೀ ಳ.

ಹಳಗನ್ನಡದಲ್ಲಿ ಮೞೆ, ಕೋೞಿ ಇದ್ದವು. ಬಾಯಲ್ಲಿ ಸವೆದು ಮಳೆ, ಕೋಳಿ ಆದವು. ಕೞ್ತೆಯ ದಾರಿಯೇ ಬೇರೆ, ಅದು ಕತ್ತೆಯಾಯಿತು. 1260ರ ಸುಮಾರಿಗೆ ಕೇಶಿರಾಜ ತನ್ನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲಿ ೞ ಇರುವ ಪದಗಳನ್ನು ಪಟ್ಟಿ ಮಾಡಿಟ್ಟ. ಪಟ್ಟಿ ಯಾಕೆ ಬೇಕಾಯಿತು ಹೇಳಿ? ಕಿವಿಗೇ ಗೊತ್ತಾಗುತ್ತಿದ್ದರೆ ಯಾರೂ ಪಟ್ಟಿ ಮಾಡುವುದಿಲ್ಲ.

ಇನ್ನು ಈ ವಿಡಿಯೋದ ಥಂಬ್‌ನೇಲ್ ಕತೆ. ಕೀಬೋರ್ಡ್‌ನಲ್ಲಿ ೞ ಇಲ್ಲ. ಸರಿ, ಕಂಪ್ಯೂಟರ್ ಅಕ್ಷರಗಳ ಯೂನಿಕೋಡ್ ಪಟ್ಟಿಯಲ್ಲಿ ಹುಡುಕೋಣ ಅಂದುಕೊಂಡೆ. ಳ ಹತ್ತಿರ ನೋಡಿದೆ, ಇಲ್ಲ. ರ ಹತ್ತಿರ ಹಳೆಯ ಱ ಸಿಕ್ಕಿತು, ಇದು ಇಲ್ಲ. ಹೆಸರು ಕೊಟ್ಟು ಹುಡುಕಿದರೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಪಟ್ಟಿಯ ಕೆಳಗಡೆ ಕಣ್ಣಿಗೆ ಬಿತ್ತು. ಅಲ್ಲಿ ಅದರ ಹೆಸರು 'ಫ಼'! ಫ್ಯಾನ್ ಅನ್ನುವಾಗ ಬರುವ ಫ಼. ತಪ್ಪು ಅಂತ ಎಲ್ಲರಿಗೂ ಗೊತ್ತಿದೆ. ಆದರೆ ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಅನ್ನುವುದು ಅಲ್ಲಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ, ಅಷ್ಟೇ. ಕಾಪಿ ಮಾಡಿ ತಂದು ಹಾಕಿದರೆ, ನೋಡಿ, ಖಾಲಿ ಚೌಕ. ಫಾಂಟ್ ಬದಲಿಸಿದೆ, ಮತ್ತೆ ಚೌಕ. ಏಳು ಫಾಂಟ್, ಏಳು ಚೌಕ! ನಾಲ್ಕು ಗಂಟೆ ಇದರಲ್ಲೇ ಹೋಯಿತು.

ಯಾವ ವಿಷಯದಲ್ಲಿದ್ದೆ? ಹಾಂ, ಬಾಯಲ್ಲಿ ಸವೆದ ಉಲಿಗಳು. ಪ ಕೂಡ ಹಾಗೇ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಆಗ ಬರಹವೂ ಬಾಯಿಯ ಹಿಂದೆ ಬಂತು. ಈಗ ಎಷ್ಟೋ ಜನರ ಮಾತಿನಲ್ಲಿ ಆ ಹ ಕೂಡ ಬಿದ್ದುಹೋಗಿ 'ಉಲಿ' ಆಗಿದೆ. ಬರಹ ಮಾತ್ರ ಕದಲಿಲ್ಲ. ಕನ್ನಡವನ್ನು ಮಾತಾಡಿದ ಹಾಗೇ ಬರೆಯುತ್ತೇವೆ ಅನ್ನುವುದು ಸುಮ್ನೆ ಜಂಬ. ನಾನು ಬರೆಯುವುದು 'ಮಾಡುತ್ತೇನೆ', ಹೇಳುವುದು 'ಮಾಡ್ತೀನಿ'.

ಬೆಳಗ್ಗೆವರೆಗೂ ನಾನು ವರ್ಣಮಾಲೆಯಿಂದ ಷ ತೆಗೆದುಹಾಕಿ ಅನ್ನುವ ಪಾರ್ಟಿ. ಶ ಮತ್ತು ಷ ನನ್ನ ಬಾಯಲ್ಲಿ ಒಂದೇ, ಎರಡು ಯಾಕೆ? ಈಗ ಬೇಡ ಅನಿಸುತ್ತಿದೆ. ತೆಗೆದರೆ ನಾಳೆ ಇನ್ಯಾರೋ ಷ ಹುಡುಕಿಕೊಂಡು ಏಳು ಚೌಕ ನೋಡಬೇಕು. ಆದರೂ ಕಾಗುಣಿತ ಕಲಿಯುವ ಮಕ್ಕಳನ್ನು ನೋಡಿದರೆ... ಅಯ್ಯೋ, ಶಾಟ್ ಮುಗಿಯುತ್ತಾ ಬಂತು.

ಥಂಬ್‌ನೇಲ್‌ಗೆ ಕೊನೆಗೆ ಈ ಕಾಗದದ ಫೋಟೋನೇ ಹಾಕಿದೆ. ಮುಚ್ಚಳ ಸಿಗಲಿಲ್ಲ, ಮಾರ್ಕರ್ ಒಣಗಿತು.