ಬಣ್ಣ ಹಿಡಿಯದ ನೂಲು

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಮೊಳಕಾಲ್ಮೂರಿಗೆ ಹೋಗಿದ್ದೆ. ನಮ್ಮ ಸೋದರಮಾವ 40 ವರ್ಷ ಕುಣಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯ್ದವರು. ಈಗ ಮಂಡಿ ಸವೆದಿದೆ. "ಅಳಿಯಾ, ಕಾಲೇಜಲ್ಲಿ ಜೀವಶಾಸ್ತ್ರ ಹೇಳೋನು ನೀನು. ಸ್ಟೆಮ್ ಸೆಲ್ ಚುಚ್ಚಿಸ್ಕೊಂಡ್ರೆ ಮಂಡಿ ಹೊಸದಾಗುತ್ತಂತೆ, ಹೌದೇನೋ?" ಅಂದರು.

ಪುಸ್ತಕಗಳಲ್ಲಿ ಇದಕ್ಕೆ ಕಾಂಡಕೋಶ ಅನ್ನುತ್ತಾರೆ. ಗಿಡದ ಕಾಂಡ ನೆನಪಾಗುತ್ತದೆ, ಹಾಗಾಗಿ ಆಕರಕೋಶ ಅನ್ನುವುದೇ ನನಗೆ ಇಷ್ಟ.

ಮಾವನ ಪಕ್ಕ ಬಣ್ಣ ಹಾಕದ ನೂಲಿತ್ತು. ಅದು ಸೆರಗಾಗಬಹುದು, ಅಂಚಾಗಬಹುದು, ಒಡಲಾಗಬಹುದು. ಆಕರಕೋಶವೂ ಹಾಗೇ, ಇನ್ನೂ ಏನೂ ಆಗಿಲ್ಲ. ಆದರೆ ನೂಲಿಗಿಲ್ಲದ ಗುಣವೊಂದು ಇದಕ್ಕಿದೆ: ಖರ್ಚಾಗುತ್ತಲೇ ತನ್ನಂಥದ್ದನ್ನು ಹುಟ್ಟಿಸಿಕೊಳ್ಳುತ್ತದೆ. ನಮ್ಮ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆದರೂ ರಕ್ತ ಬತ್ತುವುದಿಲ್ಲ, ಏಕೆಂದರೆ ಮೂಳೆಯ ಮಜ್ಜೆಯಲ್ಲಿ ಈ ಕೋಶಗಳು ಕೂತಿವೆ. 1961ರಲ್ಲಿ ಕೆನಡಾದ ವಿಜ್ಞಾನಿಗಳಾದ ಟಿಲ್ ಮತ್ತು ಮೆಕಲಕ್ ಇದರ ಸುಳಿವು ಹಿಡಿದದ್ದು ಬೇರೇನೋ ಹುಡುಕುವಾಗ. ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಮಜ್ಜೆ ಕೊಟ್ಟರು, ಹೊಟ್ಟೆಯ ಎಡಗಡೆಯ ಗುಲ್ಮದ (ಸ್ಪ್ಲೀನ್) ಮೇಲೆ ಗಂಟುಗಳು ಎದ್ದವು. ಕೊಟ್ಟ ಮಜ್ಜೆಯ ಕೋಶಗಳೇ ಅಲ್ಲಿ ಬೆಳೆದು ರಕ್ತಕಣ ಹುಟ್ಟಿಸುತ್ತಿದ್ದವು. ಇಂದು ರಕ್ತಕ್ಯಾನ್ಸರಿಗೆ ಮಾಡುವ ಮಜ್ಜೆ ಕಸಿಯೂ ಈ ಕೋಶಗಳನ್ನೇ ನಂಬಿದೆ.

ಬಣ್ಣಕ್ಕೆ ಅದ್ದಿದ ನೂಲು ಮತ್ತೆ ಬಿಳಿಯಾಗುತ್ತದೆಯೇ? ಜೀವಕೋಶದ ಮಟ್ಟಿಗೆ ಆಗುತ್ತದೆ! 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಇಲಿಯ ಚರ್ಮದ ಕೋಶಕ್ಕೆ ನಾಲ್ಕೇ ನಾಲ್ಕು ವಂಶವಾಹಿ ಸೇರಿಸಿ ಅದನ್ನು ಹಿಂದಕ್ಕೆ, ಆಕರಕೋಶದ ಸ್ಥಿತಿಗೆ ನಡೆಸಿದರು. ಮರುವರ್ಷ ಮನುಷ್ಯರ ಕೋಶವನ್ನೂ. 2012ರಲ್ಲಿ ನೊಬೆಲ್ ಬಂತು.

ಚಿಕಿತ್ಸೆಗಷ್ಟೇ ಈ ಹುಡುಕಾಟ ಅಂದುಕೊಳ್ಳಬೇಡಿ. ಬದುಕಿರುವವರ ಮಿದುಳನ್ನು ಕೊಯ್ದು ರೋಗ ಹೇಗೆ ಶುರುವಾಯಿತು ಎಂದು ನೋಡಲಾದೀತೇ? ರೋಗಿಯ ಚರ್ಮದ ಕೋಶವನ್ನು ಹೀಗೆ ಹಿಂದಕ್ಕೆ ನಡೆಸಿ, ಅದರಿಂದ ನರಕೋಶ ಬೆಳೆಸಿ, ತಟ್ಟೆಯಲ್ಲೇ ಕಾಯಿಲೆ ನೋಡಬಹುದು, ಔಷಧಿ ಹಾಕಿ ಪರೀಕ್ಷಿಸಬಹುದು. ನನಗಂತೂ ಇದೇ ದೊಡ್ಡ ಲಾಭ ಅನಿಸುತ್ತದೆ.

ಅಂಜಿಕೆಯೂ ಇದೆ. ಏನು ಬೇಕಾದರೂ ಆಗಬಲ್ಲ ಕೋಶ ಗಡ್ಡೆಯೂ ಆಗಬಹುದು. ಯಾವಾಗ ನಿಲ್ಲಬೇಕೆಂದು ಅದಕ್ಕೆ ಯಾರು ಹೇಳುತ್ತಾರೆ ಅನ್ನುವುದನ್ನೂ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದ ಬಳಕೆಯೆಲ್ಲ ಪ್ರಯೋಗದ ಚೌಕಟ್ಟಿನಲ್ಲೇ ನಡೆಯಬೇಕೆಂದು 2017ರ ನಮ್ಮ ರಾಷ್ಟ್ರೀಯ ಮಾರ್ಗಸೂಚಿ ಹೇಳಿತು.

ಮಾವನಿಗೆ ಅಂದೆ: "ಚುಚ್ಚೋರನ್ನ ಒಂದು ಮಾತು ಕೇಳಿ. ಇದು ಪ್ರಯೋಗವಾದ್ರೆ ನನ್ನ ಹತ್ರ ದುಡ್ಡು ಯಾಕೆ ಕೇಳ್ತೀರಿ ಅಂತ."

ಕೇಳಿದರಂತೆ. ಆ ಕಡೆ ಫೋನು ಇಟ್ಟರಂತೆ.

ನಮಸ್ಕಾರ.