ನೇರಳೆ ಪೆನ್ನು ಯಾರ ಕೈಯಲ್ಲಿ?

(ಉಡುಪಿಯಲ್ಲಿ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನನ್ನನ್ನು ಪರಿಚಯಿಸಿದವರು "ಸಂಘದ ಹಳೇ ಹುಲಿ" ಅಂದರು. ಉಡುಪಿಯಲ್ಲಿ ಹುಲಿ ಅಂದರೆ ಅರ್ಥ ಬೇರೆಯೇ ಉಂಟು. ಅಷ್ಟಮಿಗೆ ಬಣ್ಣ ಹಚ್ಚಿ ಕುಣಿದು, ಮರುದಿನ ಸೀಮೆಎಣ್ಣೆ ಹಾಕಿ ಉಜ್ಜಿ ತೊಳೆದುಕೊಳ್ಳುವವ. ಒಪ್ಪಿದೆ. ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರಾಗಿದ್ದವ, ಕೆಲವು ವರ್ಷ ತಾಲೂಕು ಶಿಕ್ಷಕರ ಸಂಘದ ಪದಾಧಿಕಾರಿಯೂ ಆಗಿದ್ದೆ. ಶಿಕ್ಷಕರ ಮತ, ಶಿಕ್ಷಕರ ಸಂಘದ ಬಲ ಇವುಗಳ ಬಗ್ಗೆ ಬಣ್ಣ ತೊಳೆದ ಮೇಲೆ ಹೇಳಬಹುದಾದ ಕೆಲವು ಮಾತು ಇವತ್ತು ಹೇಳುತ್ತೇನೆ.

ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಚುನಾವಣೆಯಲ್ಲಿ ಮತಯಂತ್ರ ಇಲ್ಲ, ಕಾಗದದ ಮತಪತ್ರ. ಆಯೋಗವೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಜೇಬಿನ ಪೆನ್ನು ತೆಗೆದರೆ ಮತ ಅಸಿಂಧು, ಟಿಕ್ ಹಾಕಿದರೂ ಅಸಿಂಧು. ಹೆಸರು ಬರೆಯಲು ಮರೆತ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ ನಮ್ಮವರದ್ದೇ ಅಸಿಂಧು ಮತಗಳ ಕಟ್ಟು ಎಣಿಕೆಯ ಮೇಜಿನಲ್ಲಿ ಬೇರೆಯಾಗಿ ಕೂತಿರುತ್ತದೆ. ಇರಲಿ, ಅದನ್ನು ಹೆಚ್ಚು ಎಳೆಯುವುದಿಲ್ಲ.

ಕರ್ನಾಟಕದ ವಿಧಾನ ಪರಿಷತ್ತಿನಲ್ಲಿ 75 ಸ್ಥಾನ. ಸಂವಿಧಾನದ 171ನೇ ವಿಧಿಯ ಪ್ರಕಾರ ಹನ್ನೆರಡರಲ್ಲಿ ಒಂದು ಪಾಲು ಶಿಕ್ಷಕರದ್ದು, ಅಷ್ಟೇ ಪಾಲು ಪದವೀಧರರದ್ದು. ನಮ್ಮಲ್ಲಿ ತಲಾ 7 ಸ್ಥಾನ. ನಮ್ಮದು ನೈಋತ್ಯ ಶಿಕ್ಷಕರ ಕ್ಷೇತ್ರ: ದಕ್ಷಿಣ ಕನ್ನಡ, ಉಡುಪಿ, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಅದರ ಜೊತೆ ದಾವಣಗೆರೆ ಜಿಲ್ಲೆಯ ಒಂದು ತುಂಡು. ಕಡಲಿನಿಂದ ಹೊರಟು ಘಟ್ಟ ಹತ್ತಿ ಬಯಲಿಗಿಳಿಯುವಷ್ಟು ದೊಡ್ಡದು. ಮತದಾರರು ಮಾತ್ರ ಒಂದು ವಿಧಾನಸಭಾ ಕ್ಷೇತ್ರಕ್ಕಿಂತ ಎಷ್ಟೋ ಕಮ್ಮಿ.

ಯಾಕೆ ಕಮ್ಮಿ? ಆ ವಿಧಿಯಲ್ಲಿ ಒಂದು ಷರತ್ತು ಉಂಟು: ಪ್ರೌಢಶಾಲೆಗಿಂತ ಕೆಳಗಿನ ಮಟ್ಟದ ಸಂಸ್ಥೆಯಲ್ಲಿ ಪಾಠ ಮಾಡುವವರಿಗೆ ಇಲ್ಲಿ ಮತವಿಲ್ಲ. ಅಂದರೆ ಅ ಆ ಇ ಈ ಕಲಿಸುವ ಟೀಚರ್ 'ಶಿಕ್ಷಕರ ಕ್ಷೇತ್ರ'ದ ಮತದಾರರಲ್ಲ. ಪದವಿ ಇದ್ದರೆ ಆಕೆ ಪದವೀಧರರ ಕ್ಷೇತ್ರದಲ್ಲಿ ಹೆಸರು ಬರೆಸಬಹುದು. ಹೈಸ್ಕೂಲಿನವರಿಗೆ ಎರಡೂ ಕಡೆ ಮತ. ರಾಜ್ಯದಲ್ಲಿ ಅತಿ ದೊಡ್ಡ ಶಿಕ್ಷಕ ಸಮೂಹ ಪ್ರಾಥಮಿಕದವರದ್ದು, ತಾಲೂಕು ತಾಲೂಕಿನಲ್ಲಿ ಪ್ಯಾನೆಲ್ ಕಟ್ಟಿ ಜಿದ್ದಾಜಿದ್ದಿಯಿಂದ ಚುನಾವಣೆ ನಡೆಯುವುದೂ ಅವರ ಸಂಘದಲ್ಲೇ. ಅವರಿಗೇ ಈ ಬಾಗಿಲು ಮುಚ್ಚಿದೆ. ಹಾಗಾದರೆ ಅವರ ಬಲ ಎಲ್ಲಿಂದ ಬಂತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಮೂನೆ 19ರ ಕಥೆ. ಈ ಕ್ಷೇತ್ರದ ಮತದಾರರ ಪಟ್ಟಿ ಮಾಮೂಲಿ ಪಟ್ಟಿಯಂತಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಕಳೆದ ಸಲ ಮತ ಹಾಕಿದವರೂ ಮತ್ತೆ ನಮೂನೆ 19ರಲ್ಲಿ ಅರ್ಜಿ ಹಾಕಬೇಕು. ನವೆಂಬರ್ 1ಕ್ಕೆ ಲೆಕ್ಕ ಹಿಡಿದು ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿದ್ದೇನೆಂದು ಸಂಸ್ಥೆಯ ಮುಖ್ಯಸ್ಥರ ಸಹಿ ಬೇಕು. ನಮ್ಮ ಮಾಸ್ಟ್ರುಗಳಿಗೆ ಇಡೀ ಊರಿನ ಅರ್ಜಿ ತುಂಬಿಸಲು ಗೊತ್ತು, ತಮ್ಮದಕ್ಕೆ ಮಾತ್ರ ಉದಾಸೀನ. ಆದ್ದರಿಂದ ಯಾವ ಸಂಘ, ಯಾವ ಪಕ್ಷ, ಯಾವ ಅಭ್ಯರ್ಥಿಯ ಜನ ಶಾಲೆ ಶಾಲೆಗೆ ಹೋಗಿ ನಮೂನೆ ತುಂಬಿಸಿ ತಂದರೋ ಅವರು ಅರ್ಧ ಚುನಾವಣೆ ಅಲ್ಲಿಯೇ ಗೆದ್ದಂತೆ. ಭಾಷಣ, ಕರಪತ್ರ, ಊಟ ಎಲ್ಲ ನಂತರದ್ದು.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಕರಾವಳಿಯಲ್ಲಿ ಅನುದಾನಿತ ಮತ್ತು ಅನುದಾನರಹಿತ ಖಾಸಗಿ ಸಂಸ್ಥೆಗಳು ಧಾರಾಳ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗಿನಿಂದ ಶುರುವಾದ ಪರಂಪರೆ ಅದು. ಸರ್ಕಾರಿ ಮಾಸ್ಟ್ರಿಗೆ ಸಹಿ ಹಾಕುವುದು ಹೆಡ್ ಮಾಸ್ಟ್ರು. ಅನುದಾನರಹಿತ ಶಾಲೆಯಲ್ಲಿ ಸಹಿಯ ಹಿಂದೆ ಆಡಳಿತ ಮಂಡಳಿ ನಿಂತಿರುತ್ತದೆ. ಕೆಲಸವೇ ಖಾಯಂ ಇಲ್ಲದ ಟೀಚರ್ ಯಾರಿಗೆ ಮೊದಲ ಪ್ರಾಶಸ್ತ್ಯ ಕೊಡುತ್ತಾರೆ ಎಂದು ಕೇಳುವ ಧೈರ್ಯ ನನಗಿಲ್ಲ. ಮತಪತ್ರ ಗುಪ್ತವೇ, ಸಂಬಳದ ದಿನ ಗುಪ್ತವಲ್ಲ.

ಆದರೂ ಶಿಕ್ಷಕರ ಮತ ಯಾರ ಕಿಸೆಯಲ್ಲೂ ಇಲ್ಲ ಎಂಬುದಕ್ಕೆ 2018 ಸಾಕ್ಷಿ. ಆ ವರ್ಷದ ಮೇ ತಿಂಗಳಲ್ಲಿ ವಿಧಾನಸಭೆಗೆ ಉಡುಪಿ ಜಿಲ್ಲೆಯ ಐದಕ್ಕೆ ಐದು ಸ್ಥಾನವೂ ಬಿಜೆಪಿಗೆ ಹೋಯಿತು. ಮುಂದಿನ ತಿಂಗಳೇ ಈ ಶಿಕ್ಷಕರ ಕ್ಷೇತ್ರದಲ್ಲಿ ಬಿಜೆಪಿಯ ಹಾಲಿ ಸದಸ್ಯ ಕ್ಯಾಪ್ಟನ್ ಗಣೇಶ್ ಕಾರ್ಣಿಕ್ ಸೋತು, ಜೆಡಿಎಸ್‌ನ ಎಸ್.ಎಲ್. ಭೋಜೇಗೌಡರು ಗೆದ್ದರು. ಕರಾವಳಿಯಲ್ಲಿ ಜೆಡಿಎಸ್ ಅಂದರೆ ದುರ್ಬೀನು ಹಾಕಿ ಹುಡುಕಬೇಕು! 2024ರಲ್ಲಿ ಅವರೇ ಮತ್ತೆ ಗೆದ್ದರು, ಆ ಹೊತ್ತಿಗೆ ಎರಡೂ ಪಕ್ಷ ಮೈತ್ರಿಯಲ್ಲಿದ್ದವು. ವಿಧಾನಸಭೆಗೆ ಒಂದು ಲೆಕ್ಕ, ಪರಿಷತ್ತಿಗೆ ಇನ್ನೊಂದು ಲೆಕ್ಕ ಇಡುವ ಮತದಾರ ಬಹುಶಃ ಮಾಸ್ಟ್ರು ಒಬ್ಬನೇ. ಫೋನ್ ಮಾಡಿದರೆ ಎತ್ತುತ್ತಾರಾ, ಫೈಲು ಹಿಡಿದು ಬೆಂಗಳೂರಿಗೆ ಹೋದರೆ ಜೊತೆಗೆ ಬರುತ್ತಾರಾ, ಅಷ್ಟೇ ಅವನು ನೋಡುವುದು.

ಇನ್ನೊಂದು ಗಮನಿಸಿ. ಮತದಾರ ಶಿಕ್ಷಕನೇ ಆಗಿರಬೇಕು, ಅಭ್ಯರ್ಥಿ ಆಗಿರಬೇಕೆಂದಿಲ್ಲ. ಕಾರ್ಣಿಕ್ ಸೇನೆಯಿಂದ ಬಂದವರು, ಭೋಜೇಗೌಡರು ವಕೀಲರು. ಅತ್ತ ಪಶ್ಚಿಮ ಶಿಕ್ಷಕರ ಕ್ಷೇತ್ರದ ಬಸವರಾಜ ಹೊರಟ್ಟಿಯವರು ಹುಬ್ಬಳ್ಳಿಯ ದೈಹಿಕ ಶಿಕ್ಷಕರಾಗಿದ್ದವರು. 1980ರಿಂದ 2022ರವರೆಗೆ ಎಂಟು ಸಲ ಗೆದ್ದರು, ಪಕ್ಷ ಬದಲಾಯಿಸಿದರೂ ಗೆದ್ದರು. ಅದು ಪಕ್ಷದ ಮತವಲ್ಲ, ಶಿಳ್ಳೆ ಊದುತ್ತಿದ್ದ ಮಾಸ್ಟ್ರ ಮತ.

ಈಗ ಪ್ರಾಥಮಿಕದವರ ಬಲಕ್ಕೆ ಬರೋಣ. ನಡತೆ ನಿಯಮಗಳ ಪ್ರಕಾರ ಸರ್ಕಾರಿ ಶಿಕ್ಷಕ ಪಕ್ಷ ಸೇರುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಮುಷ್ಕರ ಮೂಲಭೂತ ಹಕ್ಕಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಆ ವರ್ಷ ತಮಿಳುನಾಡಿನಲ್ಲಿ ಜಯಲಲಿತಾ ಸರ್ಕಾರ ಮುಷ್ಕರ ಹೂಡಿದ ನೌಕರರು, ಶಿಕ್ಷಕರನ್ನು ಲಕ್ಷಕ್ಕೂ ಮಿಕ್ಕಿ ಒಂದೇ ಏಟಿಗೆ ವಜಾ ಮಾಡಿತ್ತು. ಮರುವರ್ಷದ ಲೋಕಸಭೆ ಚುನಾವಣೆಯಲ್ಲಿ ಆ ಪಕ್ಷಕ್ಕೆ ಒಂದೂ ಸ್ಥಾನ ಬರಲಿಲ್ಲ. ಅದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಆದರೆ ಮಂತ್ರಿಗಳು ಆ ಪಾಠ ಮರೆತಿಲ್ಲ.

ನಮ್ಮಲ್ಲಿ 2023ರ ಮಾರ್ಚ್ 1 ನೆನಪಿಸಿಕೊಳ್ಳಿ. ರಾಜ್ಯ ಸರ್ಕಾರಿ ನೌಕರರ ಸಂಘದ ಕರೆಗೆ ಶಾಲೆ, ಕಚೇರಿ ಬಾಗಿಲು ಹಾಕಿದವು. ಅದೇ ದಿನ ಶೇ. 17ರ ಮಧ್ಯಂತರ ಪರಿಹಾರದ ಆದೇಶ ಬಂತು, ಮುಷ್ಕರ ನಿಂತಿತು. ಮೇ 10ಕ್ಕೆ ವಿಧಾನಸಭೆ ಚುನಾವಣೆ ಇತ್ತು. ಯಕ್ಷಗಾನದಲ್ಲಿ ಹೇಳುವುದಾದರೆ ಪದ್ಯ ಎತ್ತಿಕೊಡುವ ಭಾಗವತರಿಗೆ ಕಾಲ ಗೊತ್ತಿರಬೇಕು. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಆದರೆ 2006ರ ಏಪ್ರಿಲ್ ನಂತರ ಸೇರಿದವರ ಹಳೆಯ ಪಿಂಚಣಿಯ ಕೂಗಿಗೆ ಸಮಿತಿಯ ಮೇಲೆ ಸಮಿತಿ ಸಿಕ್ಕಿದೆ, ಹೆಚ್ಚಿನವರಿಗೆ ಪಿಂಚಣಿ ಸಿಕ್ಕಿಲ್ಲ.

ತಲಪಾಡಿ ದಾಟಿದರೆ ಆಟವೇ ಬೇರೆ. ಕೇರಳದಲ್ಲಿ ಪರಿಷತ್ತೂ ಇಲ್ಲ, ಮುಚ್ಚುಮರೆಯೂ ಇಲ್ಲ. ಅಲ್ಲಿನ ಶಿಕ್ಷಕರ ಸಂಘಗಳಲ್ಲಿ ಕೆಎಸ್‌ಟಿಎ ಅಂದರೆ ಸಿಪಿಎಂ ಕಡೆಯದ್ದು, ಕೆಪಿಎಸ್‌ಟಿಎ ಅಂದರೆ ಕಾಂಗ್ರೆಸ್ ಕಡೆಯದ್ದು ಎಂದು ಶಾಲೆಯ ಮಕ್ಕಳಿಗೂ ಗೊತ್ತು. 2002ರಲ್ಲಿ ಅಲ್ಲಿನ ನೌಕರರು, ಶಿಕ್ಷಕರು 32 ದಿನ ಮುಷ್ಕರ ಮಾಡಿದ್ದರು. ನಮ್ಮಲ್ಲಿ ಒಂದೇ ಸಂಘದೊಳಗೆ ಎಲ್ಲ ಬಣ್ಣ ಇರುತ್ತವೆ, ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಮಾತ್ರ ಕಾಣುತ್ತವೆ. ಯಾವುದು ವಾಸಿ? ನನಗೆ ಕೇರಳದ್ದು ಹೆಚ್ಚು ಪ್ರಾಮಾಣಿಕ ಅನಿಸುತ್ತದೆ, ನಮ್ಮದು ಹೆಚ್ಚು ಉಪಯೋಗದ್ದು ಅನಿಸುತ್ತದೆ.

ಮೊದಲೆಲ್ಲ ಸಂಘದ ಮುಖಂಡನ ಬಲ ವರ್ಗಾವಣೆಯಲ್ಲಿತ್ತು. ಶಾಸಕರ ಪತ್ರ, ಮಂತ್ರಿಯ ಷರಾ, ನಡುವೆ ನಮ್ಮಂಥವರು. 2007ರ ವರ್ಗಾವಣೆ ಕಾಯ್ದೆ ಬಂದು ಕೌನ್ಸೆಲಿಂಗ್ ಶುರುವಾದ ಮೇಲೆ ಆ ಅಂಗಡಿ ಸಣ್ಣದಾಯಿತು. ನಾನೂ ಅಂಥ ಪತ್ರ ಹಿಡಿದು ಕಾರಿಡಾರಿನಲ್ಲಿ ನಿಂತವನೇ. ಆ ಕಾಯ್ದೆಯನ್ನು ಸಂಘದೊಳಗೆ ಕೆಲವರು ವಿರೋಧಿಸಿದ್ದು ಮಕ್ಕಳ ಹಿತಕ್ಕೆ ಎಂದು ಈಗ ಯಾರಾದರೂ ಹೇಳಿದರೆ ನಗುತ್ತೇನೆ.

ಉಳಿದ ಬಲ ಒಂದೇ: ಸರ್ಕಾರ ಏನನ್ನು ಎಣಿಸಬೇಕಾದರೂ ಮಾಸ್ಟ್ರು ಬೇಕು. ಮತಗಟ್ಟೆ, ಜನಗಣತಿ, ಸಮೀಕ್ಷೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಹತ್ತಿದ್ದು ಯಾರು? ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದದ್ದು ಯಾರಿಗಾಗಿ? ಆಗ ನಮ್ಮ ದೂರು ಬಂದದ್ದು ಹೆಚ್ಚಾಗಿ ಆ್ಯಪು, ನೆಟ್‌ವರ್ಕು, ಗೌರವಧನದ ಬಗ್ಗೆ. ತಪ್ಪಿದ ಪಾಠದ ಬಗ್ಗೆ ಧ್ವನಿ ಸಣ್ಣದಿತ್ತು. ನನ್ನ ತಕರಾರು ಇದೊಂದೇ. ವೇತನಕ್ಕೆ ಒಂದು ದಿನದಲ್ಲಿ ಸರ್ಕಾರವನ್ನು ಬಗ್ಗಿಸಬಲ್ಲ ಸಂಘ, ಒಬ್ಬರೇ ಶಿಕ್ಷಕರಿರುವ ಶಾಲೆಗಾಗಿ ಒಂದು ದಿನವೂ ಬೀದಿಯಲ್ಲಿ ಕೂತದ್ದು ನನ್ನ ಕಾಲದಲ್ಲಿ ನಾನು ನೋಡಿಲ್ಲ. ನಾನೂ ಕೂತಿಲ್ಲ.

ಒಂದು ಸಣ್ಣ ಸಂಗತಿ ಹೇಳಿ ಮುಗಿಸುತ್ತೇನೆ. ಒಮ್ಮೆ ನಾವು ನಮೂನೆ 19 ತುಂಬಿಸುವ ಕೆಲಸಕ್ಕೆ ಒಂದು ಶಾಲೆಯ ವರಾಂಡದಲ್ಲಿ ಕೂತಿದ್ದೆವು. ಜನ ಹೆಚ್ಚಾಯಿತು. ಪಕ್ಕದ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿಯೊಬ್ಬರು, ಅಕ್ಷರ ಮುತ್ತಿನಂಥದ್ದು, ಸಹಾಯಕ್ಕೆ ಬಂದು ಕೂತರು. ಮಧ್ಯಾಹ್ನದೊಳಗೆ ನಲವತ್ತು ನಮೂನೆ ತುಂಬಿಸಿದರು. ಎದ್ದು ಹೊರಡುವಾಗ ಕೇಳಿದರು, "ಸರ್, ನನ್ನದೂ ಒಂದು ಬರೀಲಿಕ್ಕೆ ಆಗ್ತದಾ?" ಆಗುವುದಿಲ್ಲ ಎಂದೆ. ಸಂಘದಲ್ಲೂ ಅವರ ಹೆಸರಿಗೆ ಜಾಗ ಇರಲಿಲ್ಲ. "ಪರವಾಗಿಲ್ಲ ಸರ್" ಎಂದು ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟು ಹೋದರು.

ಪ್ರಶ್ನೆಗಳಿದ್ದರೆ ಕೇಳಿ. ಚಾ ಬರ್ತಾ ಉಂಟಂತೆ.