ಊರಿಗೊಂದು ಬಾಟಾ ಅಂಗಡಿ

ಕೇಳುಗರಿಗೆ ನಮಸ್ಕಾರ.

ಜೂನ್ ಬಂತೆಂದರೆ ನಮ್ಮ ಮನೆಯಲ್ಲಿ ಮೂರು ಖರೀದಿ: ಕೊಡೆ, ನೋಟ್‌ಬುಕ್ಕು, ಬಾಟಾ ಷೂ. ಸಂತೆಯಲ್ಲಿ ಬದನೆಕಾಯಿಗೂ ಚೌಕಾಸಿ ಮಾಡುತ್ತಿದ್ದ ಅಪ್ಪ, ಆ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಸುಮ್ಮನಾಗುತ್ತಿದ್ದರು. ಬೆಲೆ ಮೊದಲೇ ಬರೆದಿರುತ್ತಿತ್ತು. ಅಪ್ಪ ಆಡುತ್ತಿದ್ದುದು ಒಂದೇ ಮಾತು: "ಒಂದು ನಂಬರ್ ದೊಡ್ಡದೇ ಕೊಡಿ, ಬೆಳೆಯೋ ಕಾಲು." ನಾನು ಷೂವಿನ ತುದಿಗೆ ಹತ್ತಿ ತುರುಕಿಕೊಂಡು ಶಾಲೆಗೆ ಹೋಗುತ್ತಿದ್ದೆ.

ರಜೆಗೆ ಅತ್ತೆಯ ಊರಿಗೆ ಹೋದರೆ ಅಲ್ಲೂ ಅದೇ ಕೆಂಪು ಅಕ್ಷರದ ಬೋರ್ಡು. ಅದೇ ಷೂ, ಅದೇ ಬೆಲೆ. ಇದು ಹೇಗೆ ಸಾಧ್ಯ ಅಂತ ಆಗ ತುಂಬ ಆಶ್ಚರ್ಯವಾಗುತ್ತಿತ್ತು.

ದೇಶದ ತುಂಬ ಹರಡಿದ ಅಂಗಡಿ ಸರಣಿ ಅಂದರೆ ಇವತ್ತು ಮಾಲ್‌ಗಳು, ಸೂಪರ್ ಮಾರ್ಕೆಟ್‌ಗಳು ನೆನಪಾಗುತ್ತವೆ. ಅವೆಲ್ಲ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಸಣ್ಣ ಊರುಗಳಿಗೆ ಒಂದೇ ಬೆಲೆಯ ವ್ಯಾಪಾರವನ್ನು ರೂಢಿ ಮಾಡಿಸಿದ್ದು ಬಾಟಾ.

ಬಾಟಾ ನಮ್ಮ ದೇಶದ್ದೇ ಕಂಪನಿ ಅಂದುಕೊಂಡವರು ಬಹಳ ಜನ. ಅದರ ತವರು ಈಗಿನ ಚೆಕ್ ಗಣರಾಜ್ಯದ ಜ್ಲೀನ್. ಅಲ್ಲಿ ತಲೆತಲಾಂತರದಿಂದ ಮೆಟ್ಟು ಹೊಲಿಯುತ್ತಿದ್ದ ಮನೆತನದ ತೋಮಾಶ್ ಬಾಟಾ, 1894ರಲ್ಲಿ ಅಣ್ಣ, ಅಕ್ಕನ ಜೊತೆ ಸೇರಿ ಸಣ್ಣ ಕಾರ್ಖಾನೆ ತೆರೆದರು. ಆಮೇಲೆ ಅಮೆರಿಕಕ್ಕೆ ಹೋಗಿ ಯಂತ್ರದಿಂದ ಷೂ ಮಾಡುವ ಕೆಲಸ ಕಲಿತು ಬಂದರು.

ಮೊದಲ ಮಹಾಯುದ್ಧ ಮುಗಿದ ಮೇಲೆ ವ್ಯಾಪಾರ ಕುಸಿಯಿತು. ಜನರ ಕೈಯಲ್ಲಿ ದುಡ್ಡಿರಲಿಲ್ಲ. 1922ರಲ್ಲಿ ತೋಮಾಶ್ ತಮ್ಮ ಷೂಗಳ ಬೆಲೆಯನ್ನು ಸರಿಯಾಗಿ ಅರ್ಧಕ್ಕೆ ಇಳಿಸಿದರು. ಅಂಗಡಿಗಳ ಮುಂದೆ ಜನ ಸಾಲುಗಟ್ಟಿದರು. ಆಗ ಕೆಲಸಗಾರರ ಕೂಲಿಯೂ ಇಳಿಯಿತು. ಅದನ್ನು ಹೇಳದೆ ಬರೀ ಹೊಗಳಿದರೆ ತಪ್ಪಾಗುತ್ತದೆ.

ಅಷ್ಟು ಕಡಿಮೆಗೆ ಮಾರಿದರೆ ಪೂರೈಸುವುದು ಹೇಗೆ? ಗುಟ್ಟು ಇಲ್ಲಿದೆ. ಚರ್ಮ ಹದ ಮಾಡುವುದು ಅವರೇ, ಷೂ ಹೊಲಿಯುವುದು ಅವರೇ, ಅಂಗಡಿಯಲ್ಲಿ ಕೂತು ಮಾರುವುದೂ ಅವರೇ. ನಡುವೆ ದಲ್ಲಾಳಿ ಇಲ್ಲ. ಒಂದು ಅಂಗಡಿಯಲ್ಲಿ ಸಿಗುವ ಲಾಭ ಸಣ್ಣದೇ ಇರಲಿ, ಅಂಗಡಿಗಳು ಜಾಸ್ತಿಯಾದರೆ ಸಾಕು. ಸರಣಿ ಅಂಗಡಿಗಳ ಲೆಕ್ಕವೆಲ್ಲ ಇಷ್ಟೇ. ಬೆಲೆಯನ್ನು 99, 199 ಅಂತ ಒಂಬತ್ತಕ್ಕೆ ನಿಲ್ಲಿಸುತ್ತಾರಲ್ಲ, ಅದಕ್ಕೆ ಚೆಕ್ ಜನ ಇವತ್ತಿಗೂ 'ಬಾಟಾ ಬೆಲೆ' ಅನ್ನುತ್ತಾರೆ. ನಾವೂ 'ಬಾಟಾ ರೇಟು' ಅಂತೀವಿ, ಅಲ್ವಾ?

ಭಾರತದಲ್ಲಿ ಕಂಪನಿ ಶುರುವಾದದ್ದು 1931ರಲ್ಲಿ, ಕಲ್ಕತ್ತಾದ ಹತ್ತಿರದ ಕೊನ್ನಗರದಲ್ಲಿ. ಮರುವರ್ಷವೇ ತೋಮಾಶ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೆಲಸ ಮಾತ್ರ ನಿಲ್ಲಲಿಲ್ಲ. 1934ರಲ್ಲಿ ಹೂಗ್ಲಿ ನದಿಯ ದಡದಲ್ಲಿ ಬಾಟಾನಗರ ಏಳತೊಡಗಿತು. ಕಾರ್ಖಾನೆ, ಪಕ್ಕದಲ್ಲೇ ಕೆಲಸಗಾರರ ಮನೆಗಳು. ಮುಂದೆ ನಮ್ಮ ಬೆಂಗಳೂರಿನ ಪೀಣ್ಯದಲ್ಲೂ ಬಾಟಾ ಕಾರ್ಖಾನೆ ಬಂತು.

ಬರಿಗಾಲಲ್ಲಿ ನಡೆಯುವವರೇ ಹೆಚ್ಚಾಗಿದ್ದ ದೇಶ ಇದು. ಇಲ್ಲಿ ರಬ್ಬರ್ ಚಪ್ಪಲಿ, ಕ್ಯಾನ್ವಾಸ್ ಷೂ ಕೈಗೆಟುಕಿದ್ದು ಸಣ್ಣ ಮಾತಲ್ಲ. ಕೈಯಿಂದ ಮೆಟ್ಟು ಹೊಲಿದು ಬದುಕುತ್ತಿದ್ದವರಿಗೆ ಇದರಿಂದ ಹೊಡೆತ ಬಿತ್ತು ಅನ್ನುವುದೂ ನಿಜವೇ. ನಮ್ಮೂರ ಬಾಟಾ ಅಂಗಡಿಯ ಎದುರಿನ ಮರದಡಿಯಲ್ಲಿ ಒಬ್ಬ ಅಜ್ಜ ಕೂರುತ್ತಿದ್ದ. ಹೊಸ ಚಪ್ಪಲಿ ಹೊಲಿಯುವ ಕೆಲಸ ತಪ್ಪಿ, ಕಿತ್ತುಹೋದ ಬಾಟಾ ಚಪ್ಪಲಿಗೆ ಬಾರು ಹಾಕುವುದಷ್ಟೇ ಅವನಿಗೆ ಉಳಿದಿತ್ತು. ಅವನ ಕೈಯ ಅಳತೆ ಯಾವತ್ತೂ ತಪ್ಪಿದ್ದಿಲ್ಲ.

ಈಚಿನ ಸರಣಿಗಳ ಓಟವೇ ಬೇರೆ. 2001ರಲ್ಲಿ ಶುರುವಾದ ಬಿಗ್ ಬಜಾರ್ ಮನೆಮಾತಾಯಿತು, ಸಾಲದ ಭಾರಕ್ಕೆ ಕುಸಿದು 2022ರ ಹೊತ್ತಿಗೆ ಕೈ ಬದಲಾಯಿತು. ಅಷ್ಟು ಬೇಗ ಬೆಳೆದು ಅಷ್ಟೇ ಬೇಗ ಮುಗಿದದ್ದು ನೋಡಿ ಬೇಸರವಾಯಿತು.

ಬಾಟಾಗೂ ತವರಿನಲ್ಲೇ ಪೆಟ್ಟು ಬಿದ್ದಿತ್ತು. 1945ರಲ್ಲಿ ಸರ್ಕಾರ ಜ್ಲೀನ್ ಕಾರ್ಖಾನೆಯನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಕಾರ್ಖಾನೆಯ ಹೆಸರು ಬದಲಾಯಿತು, ಊರಿನ ಹೆಸರೂ ಬದಲಾಯಿತು. ತೋಮಾಶ್ ಅವರ ಮಗ ಕೆನಡಾದಿಂದ ವ್ಯಾಪಾರ ನಡೆಸಿದರು. 1989ರ ಡಿಸೆಂಬರಿನಲ್ಲಿ ಅವರು ಮತ್ತೆ ಜ್ಲೀನ್‌ಗೆ ಬಂದಾಗ, ನೋಡಲು ಜನ ಬೀದಿ ತುಂಬ ನೆರೆದಿದ್ದರು. ಹುಟ್ಟಿದ ಊರಿನಲ್ಲೇ ನಲವತ್ತು ವರ್ಷ ಅಳಿಸಿಹೋಗಿದ್ದ ಆ ಹೆಸರು, ಅಷ್ಟೂ ಕಾಲ ನಮ್ಮೂರ ಬಸ್ ಸ್ಟ್ಯಾಂಡ್ ರಸ್ತೆಯ ಬೋರ್ಡಿನ ಮೇಲೆ ಕೆಂಪಗೆ ಕಾಣುತ್ತಲೇ ಇತ್ತು.

ನಮಸ್ಕಾರ.